ಬೋಸ್ನಿಯಾ ಇನ್ನೂ ಯಾಕೆ ಯುರೋಪ್ ಒಕ್ಕೂಟ ಸೇರಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಬೋಸ್ನಿಯಾ ಎಲ್ಲಿದೆ, ಅಲ್ಲಿ ಯಾರಿದ್ದಾರೆ?

ಪೂರ್ತಿ ಹೆಸರು ಬೋಸ್ನಿಯಾ ಮತ್ತು ಹೆರ್ಜೆಗೊವಿನಾ. ಹಳೆಯ ಯುಗೊಸ್ಲಾವಿಯಾದ ಆರು ಗಣರಾಜ್ಯಗಳಲ್ಲಿ ಒಂದು. ಒಂದು ಕಡೆ ಕ್ರೊಯೇಷಿಯಾ, ಇನ್ನೊಂದು ಕಡೆ ಸರ್ಬಿಯಾ ಮತ್ತು ಮಾಂಟೆನೆಗ್ರೊ. ರಾಜಧಾನಿ ಸರಾಯೆವೊ. 1984ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಇದೇ ಊರಲ್ಲಿ.

ಮುಖ್ಯವಾಗಿ ಮೂರು ಸಮುದಾಯಗಳಿವೆ. ಬೋಸ್ನಿಯಾಕರು ಬಹುತೇಕ ಮುಸ್ಲಿಮರು, ಸರ್ಬರು ಆರ್ಥೊಡಾಕ್ಸ್ ಕ್ರೈಸ್ತರು, ಕ್ರೋಟರು ಕ್ಯಾಥೊಲಿಕರು. ಒಬ್ಬರ ಮಾತು ಇನ್ನೊಬ್ಬರಿಗೆ ಸಲೀಸಾಗಿ ಅರ್ಥವಾಗುತ್ತದೆ. 1991ರ ಜನಗಣತಿಯಲ್ಲಿ ಬೋಸ್ನಿಯಾಕರು ಶೇ 43ಕ್ಕಿಂತ ಸ್ವಲ್ಪ ಜಾಸ್ತಿ, ಸರ್ಬರು ಶೇ 31, ಕ್ರೋಟರು ಶೇ 17 ಇದ್ದರು. ಇನ್ನೂ ಶೇ 5ಕ್ಕೂ ಹೆಚ್ಚು ಜನ ‘ನಾವು ಯುಗೊಸ್ಲಾವರು’ ಅಂತ ಬರೆಸಿದ್ದರು. ಈ ಕೊನೆಯವರನ್ನು ನೆನಪಿಡಿ, ಆಮೇಲೆ ಬಂದ ಸಂವಿಧಾನದಲ್ಲಿ ಇಂಥವರಿಗೆ ಜಾಗವೇ ಸಿಗಲಿಲ್ಲ.

ಆಗ ಜನಸಂಖ್ಯೆ ಸುಮಾರು 44 ಲಕ್ಷ. 2013ರ ಗಣತಿಯಲ್ಲಿ ಅದು 35 ಲಕ್ಷಕ್ಕೆ ಇಳಿದಿತ್ತು.

ನೂರಾರು ವರ್ಷಗಳ ಹಳೇ ದ್ವೇಷ ಅಂತಾರಲ್ಲ, ಯುದ್ಧಕ್ಕೆ ಅದೇ ಕಾರಣವಾ?

ಅಲ್ಲ. ಈ ಮಾತನ್ನು ಎಷ್ಟು ಸಲ ಕೇಳಿದರೂ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಕೊಂದವರ ಹೊಣೆಯನ್ನು ಇದು ಇತಿಹಾಸದ ತಲೆಗೆ ಕಟ್ಟುತ್ತದೆ.

1980ರಲ್ಲಿ ಯುಗೊಸ್ಲಾವಿಯಾವನ್ನು ಆಳುತ್ತಿದ್ದ ಟಿಟೊ ತೀರಿಕೊಂಡರು. ಆ ದಶಕದಲ್ಲಿ ವಿದೇಶಿ ಸಾಲ, ಬೆಲೆ ಏರಿಕೆ, ನಿರುದ್ಯೋಗ ಎಲ್ಲ ಒಟ್ಟಿಗೆ ಬಂದವು. ಬೆಲ್‌ಗ್ರೇಡ್‌ನಲ್ಲಿ ಸರ್ಬಿಯಾದ ನಾಯಕ ಸ್ಲೊಬೊದಾನ್ ಮಿಲೊಶೆವಿಚ್, ಜಾಗ್ರೆಬ್‌ನಲ್ಲಿ ಕ್ರೊಯೇಷಿಯಾದ ನಾಯಕ ಫ್ರಾಂಯೊ ತುಜ್‌ಮಾನ್ ಜನಾಂಗದ ಹೆಸರಲ್ಲಿ ರಾಜಕೀಯ ಕಟ್ಟಿದರು. 1990ರ ಚುನಾವಣೆಯಲ್ಲಿ ಬೋಸ್ನಿಯಾದಲ್ಲೂ ಮೂರು ಸಮುದಾಯಗಳ ಮೂರು ಪಕ್ಷಗಳೇ ಗೆದ್ದವು. 1992ರ ಫೆಬ್ರವರಿ ಕೊನೆಗೆ ಸ್ವಾತಂತ್ರ್ಯದ ಬಗ್ಗೆ ಜನಮತ ನಡೆಯಿತು, ಸರ್ಬರಲ್ಲಿ ಹೆಚ್ಚಿನವರು ಬಹಿಷ್ಕರಿಸಿದರು. ಏಪ್ರಿಲ್‌ನಲ್ಲಿ ಯುದ್ಧ. ಯುಗೊಸ್ಲಾವ್ ಸೇನೆಯ ಫಿರಂಗಿ, ಟ್ಯಾಂಕುಗಳು ಬೋಸ್ನಿಯಾದ ಸರ್ಬ್ ಪಡೆಗಳ ಕೈಗೆ ಬಂದವು. ಮುಂದೆ ಕ್ರೋಟ್ ಪಡೆಗಳೂ ಬೋಸ್ನಿಯಾಕರ ವಿರುದ್ಧ ತಿರುಗಿದವು. ಯಾವ ಊರಿನಲ್ಲಿ ಯಾವ ಸಮುದಾಯ ಉಳಿಯಬಾರದು ಅಂತ ಯೋಜನೆ ಹಾಕಿ ಜನರನ್ನು ಓಡಿಸಿದರು. ಇದನ್ನೆಲ್ಲ ಮಾಡಿದ್ದು ಹೆಸರು, ಹುದ್ದೆ, ಸಹಿ ಇರುವ ಮನುಷ್ಯರು.

ಸುಮಾರು 1 ಲಕ್ಷ ಜನ ಸತ್ತರು. 20 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ 8,000ಕ್ಕೂ ಹೆಚ್ಚು ಬೋಸ್ನಿಯಾಕ್ ಗಂಡಸರನ್ನು, ಹುಡುಗರನ್ನು ಕೊಂದರು. ಹೇಗ್‌ನ ಎರಡು ನ್ಯಾಯಾಲಯಗಳು ಅದನ್ನು ನರಮೇಧ ಅಂತಲೇ ತೀರ್ಪು ಕೊಟ್ಟಿವೆ.

ಡೇಟನ್ ಒಪ್ಪಂದ ಅಂದರೆ ಏನು?

ಅಮೆರಿಕದ ಒಹಾಯೊದಲ್ಲಿ ಡೇಟನ್ ಅಂತ ಊರಿದೆ. ಅಲ್ಲಿನ ವಾಯುನೆಲೆಯಲ್ಲಿ 1995ರ ನವೆಂಬರ್‌ನಲ್ಲಿ ಬೋಸ್ನಿಯಾ, ಸರ್ಬಿಯಾ, ಕ್ರೊಯೇಷಿಯಾ ನಾಯಕರನ್ನು ಕೂರಿಸಿ ಅಮೆರಿಕದ ರಾಜತಾಂತ್ರಿಕ ರಿಚರ್ಡ್ ಹಾಲ್‌ಬ್ರೂಕ್ ಒಪ್ಪಂದ ಮಾಡಿಸಿದರು. ಡಿಸೆಂಬರ್ 14ಕ್ಕೆ ಪ್ಯಾರಿಸ್‌ನಲ್ಲಿ ಸಹಿ ಆಯಿತು. ಗುಂಡಿನ ಸದ್ದು ನಿಂತಿತು. ಇದನ್ನು ಸಣ್ಣದು ಅಂತ ಯಾರೂ ಹೇಳಬಾರದು, ಅಲ್ಲಿಂದ ಇಲ್ಲಿಯವರೆಗೆ ಯುದ್ಧ ಮತ್ತೆ ಶುರುವಾಗಿಲ್ಲ.

ದೇಶವನ್ನು ಎರಡು ಘಟಕ ಮಾಡಿದರು. ಬೋಸ್ನಿಯಾಕರು, ಕ್ರೋಟರು ಹೆಚ್ಚಿರುವ ಫೆಡರೇಶನ್‌ಗೆ ಶೇ 51 ನೆಲ. ಸರ್ಬರು ಹೆಚ್ಚಿರುವ ರಿಪಬ್ಲಿಕಾ ಸ್ರ್ಪ್‌ಸ್ಕಾಗೆ ಶೇ 49. ಫೆಡರೇಶನ್ ಒಳಗೆ ಮತ್ತೆ ಪ್ರಾಂತ್ಯದಂಥ 10 ಕ್ಯಾಂಟನ್‌ಗಳು. ಎರಡಕ್ಕೂ ಪೂರ್ತಿ ಸೇರದ ಬರ್ಚ್ಕೊ ಅನ್ನುವ ಜಿಲ್ಲೆ ಬೇರೆ. ಪ್ರತಿಯೊಂದಕ್ಕೂ ಸರ್ಕಾರ, ಶಾಸನಸಭೆ. ಕೇಂದ್ರವನ್ನೂ ಸೇರಿಸಿದರೆ 35 ಲಕ್ಷ ಜನರಿಗೆ 14 ಸರ್ಕಾರ!

ಆ ಒಪ್ಪಂದದ ನಾಲ್ಕನೇ ಅನುಬಂಧವೇ ಇವತ್ತಿಗೂ ದೇಶದ ಸಂವಿಧಾನ. ಜನ ಅದಕ್ಕೆ ಮತ ಹಾಕಿಲ್ಲ, ಸಂವಿಧಾನ ಸಭೆ ಕೂತು ಚರ್ಚಿಸಿಲ್ಲ. ಯುದ್ಧ ನಿಲ್ಲಿಸಲು ಅವಸರದಲ್ಲಿ ಬರೆದ ಕಾಗದದ ಮೇಲೆ ದೇಶವನ್ನೇ ನಿಲ್ಲಿಸಬೇಕಾಯಿತು.

ಮೂರು ಜನ ರಾಷ್ಟ್ರಾಧ್ಯಕ್ಷರು ಅನ್ನೋದು ನಿಜವಾ?

ನಿಜ. ಒಬ್ಬ ಬೋಸ್ನಿಯಾಕ್, ಒಬ್ಬ ಕ್ರೋಟ್, ಒಬ್ಬ ಸರ್ಬ್. ಎಂಟು ತಿಂಗಳಿಗೊಮ್ಮೆ ಅಧ್ಯಕ್ಷ ಪೀಠ ಕೈ ಬದಲಾಗುತ್ತದೆ. ಸರ್ಬ್ ಸದಸ್ಯರನ್ನು ರಿಪಬ್ಲಿಕಾದಿಂದ ಮಾತ್ರ ಆರಿಸಬೇಕು, ಉಳಿದ ಇಬ್ಬರನ್ನು ಫೆಡರೇಶನ್‌ನಿಂದ ಮಾತ್ರ.

ಸಂಸತ್ತಿನ ಕೆಳಮನೆಯಲ್ಲಿ 42 ಸ್ಥಾನ, ಅದರಲ್ಲಿ ರಿಪಬ್ಲಿಕಾದ್ದು 14. ಈ 14ರಲ್ಲಿ 10 ಜನ ಬೇಡ ಅಂದರೆ ಉಳಿದವರೆಲ್ಲ ಬೇಕು ಅಂದರೂ ಮಸೂದೆ ಬಿದ್ದುಹೋಗುತ್ತದೆ. ಮೇಲ್ಮನೆಯಲ್ಲಿ ಮೂರೂ ಸಮುದಾಯಕ್ಕೆ ತಲಾ ಐದು ಸ್ಥಾನ. ‘ಇದು ನಮ್ಮ ಜನಾಂಗದ ಜೀವಾಳದ ಹಿತಾಸಕ್ತಿಗೆ ಧಕ್ಕೆ’ ಅಂತ ಐವರಲ್ಲಿ ಮೂವರು ಹೇಳಿದರೆ ಸಾಕು, ಕಾನೂನು ತಡೆಯಬಹುದು. ನಿನ್ನೆ ತಾನೇ ಕೊಂದವರ ಜೊತೆ ಒಂದೇ ಸದನದಲ್ಲಿ ಕೂರಬೇಕಾದ ಜನರಿಗೆ ಈ ಭರವಸೆ ಬೇಕಿತ್ತು, ಒಪ್ಪುತ್ತೇನೆ. ಆದರೆ ತಡೆಯುವವನಿಗೆ ಇಲ್ಲಿ ಖರ್ಚೇ ಇಲ್ಲ. ಕೆಲಸ ಮಾಡಿ ತೋರಿಸುವುದಕ್ಕಿಂತ ‘ನಮ್ಮವರನ್ನು ಕಾಪಾಡಿದೆ’ ಅನ್ನುವುದರಿಂದಲೇ ವೋಟು ಜಾಸ್ತಿ ಬರುತ್ತದೆ.

ಹೀಗಿದ್ದರೆ ದಿನನಿತ್ಯದ ಆಡಳಿತ ನಡೆಯೋದು ಹೇಗೆ?

ಎಷ್ಟೋ ಸಲ ನಡೆಯುವುದಿಲ್ಲ.

ಅಲ್ಲಿ ಪ್ರತಿ ಮಗುವಿಗೂ ಹುಟ್ಟಿದಾಗ 13 ಅಂಕಿಯ ಗುರುತು ಸಂಖ್ಯೆ ಕೊಡುತ್ತಾರೆ. ಅದಿಲ್ಲದೆ ಪಾಸ್‌ಪೋರ್ಟ್ ಸಿಗುವುದಿಲ್ಲ. ಸಂಖ್ಯೆ ಕೊಡುವ ಕಾನೂನಿನ ಒಂದು ಭಾಗವನ್ನು ಸಂವಿಧಾನ ನ್ಯಾಯಾಲಯ ರದ್ದು ಮಾಡಿತು. ಬದಲಿ ಕಾನೂನಿಗೆ ಸಂಸತ್ತು ಒಪ್ಪಲಿಲ್ಲ, ಸಂಖ್ಯೆಯಲ್ಲಿ ಮಗು ಯಾವ ಘಟಕದ್ದು ಅಂತ ಕಾಣಬೇಕೋ ಬೇಡವೋ ಅನ್ನುವುದೇ ಜಗಳ. ಹಾಗಾಗಿ 2013ರ ಫೆಬ್ರವರಿಯಿಂದ ಹುಟ್ಟಿದ ಮಕ್ಕಳಿಗೆ ಸಂಖ್ಯೆಯೇ ಸಿಗಲಿಲ್ಲ. ಚಿಕಿತ್ಸೆಗೆ ವಿದೇಶಕ್ಕೆ ಹೋಗಬೇಕಿದ್ದ ಒಂದು ಹಸುಗೂಸು ಪಾಸ್‌ಪೋರ್ಟ್ ಇಲ್ಲದೆ ಸಿಕ್ಕಿಬಿದ್ದಿತು. ಜೂನ್‌ನಲ್ಲಿ ಸರಾಯೆವೊ ಜನ ಬೀದಿಗಿಳಿದರು, ತಾಯಂದಿರು ಮಕ್ಕಳ ಗಾಡಿ ತಳ್ಳಿಕೊಂಡು ಬಂದರು, ಸಂಸತ್ ಭವನದ ಸುತ್ತ ಕೈ ಕೈ ಹಿಡಿದು ನಿಂತು ಒಳಗಿದ್ದ ಸದಸ್ಯರನ್ನು ರಾತ್ರಿವರೆಗೂ ಹೊರಗೆ ಬಿಡಲಿಲ್ಲ. ಗಡಿ ದಾಟುವುದು ತಡವಾದ ಇನ್ನೊಂದು ಮಗು ಅದೇ ತಿಂಗಳು ತೀರಿಕೊಂಡಿತು. ಬೋಸ್ನಿಯಾದ ಬಗ್ಗೆ ಒಂದೇ ಒಂದು ಸಂಗತಿ ಹೇಳಲು ಸಮಯ ಇದ್ದರೆ ನಾನು ಇದನ್ನೇ ಹೇಳುತ್ತೇನೆ.

ಇನ್ನೊಂದು: ಸರಾಯೆವೊದ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಡೇಟನ್ ವ್ಯವಸ್ಥೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಾದವರು ಯಾರು ಅಂತ ತೀರ್ಮಾನವೇ ಆಗಿರಲಿಲ್ಲ. 2012ರಲ್ಲಿ ಬಾಗಿಲು ಹಾಕಿತು, ತೆರೆದದ್ದು 2015ರಲ್ಲಿ. ಅಷ್ಟು ದಿನವೂ ಸಿಬ್ಬಂದಿ ಸಂಬಳವಿಲ್ಲದೆ ಬಂದು ಸಂಗ್ರಹವನ್ನು ಕಾದರು.

ಮೊಸ್ತಾರ್ ನಗರದ ಕಥೆ ಇನ್ನೂ ಬೇಸರದ್ದು. 2008ರ ನಂತರ ಅಲ್ಲಿ ನಗರಸಭೆ ಚುನಾವಣೆಯೇ ನಡೆಯಲಿಲ್ಲ, ಬೋಸ್ನಿಯಾಕ್ ಮತ್ತು ಕ್ರೋಟ್ ಪಕ್ಷಗಳು ವಾರ್ಡುಗಳ ವಿಷಯದಲ್ಲಿ ಒಪ್ಪಲಿಲ್ಲ. ಕೊನೆಗೆ ಅಲ್ಲಿನ ಇರ್ಮಾ ಬರಾಲಿಯಾ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋಗಿ 2019ರಲ್ಲಿ ಗೆದ್ದರು. 2020ರ ಡಿಸೆಂಬರ್‌ನಲ್ಲಿ ಮತದಾನ ಆಯಿತು. ಯುದ್ಧದಲ್ಲಿ ಒಡೆದ ಅಲ್ಲಿನ ಹಳೆಯ ಸೇತುವೆಯನ್ನು ಮತ್ತೆ ಕಟ್ಟಿ 2004ರಲ್ಲೇ ಉದ್ಘಾಟಿಸಿದ್ದರು. ಜನರಿಗೆ ಮತ ಹಾಕುವ ಹಕ್ಕು ಹಿಂತಿರುಗಲು ಕೊನೆಯ ಚುನಾವಣೆಯಿಂದ 12 ವರ್ಷ ಹಿಡಿಯಿತು.

ವಿದೇಶಿ ಅಧಿಕಾರಿಯೊಬ್ಬರು ಕಾನೂನು ಮಾಡಬಹುದಂತೆ, ಹೌದಾ?

ಹೌದು, ಡೇಟನ್ ಒಪ್ಪಂದದ ಜಾರಿ ನೋಡಿಕೊಳ್ಳಲು ಉನ್ನತ ಪ್ರತಿನಿಧಿ ಅಂತ ಹುದ್ದೆ. ಮೊದಲು ಬರೀ ಉಸ್ತುವಾರಿ ಇತ್ತು. 1997ರ ಡಿಸೆಂಬರ್‌ನಲ್ಲಿ ಬಾನ್ ನಗರದ ಸಭೆಯಲ್ಲಿ ಕಾನೂನು ಹೇರುವ, ಚುನಾಯಿತರನ್ನೂ ತೆಗೆದುಹಾಕುವ ಅಧಿಕಾರ ಸಿಕ್ಕಿತು. ಇವತ್ತಿನ ಬಾವುಟ ಹೀಗೆ ಹೊರಗಿನವರೇ ಆರಿಸಿದ್ದು, 1998ರಲ್ಲಿ. ವಾಹನಗಳ ನಂಬರ್ ಪ್ಲೇಟ್ ಕೂಡ ಆಗಲೇ ಬದಲಾಯಿತು. ಲ್ಯಾಟಿನ್, ಸಿರಿಲಿಕ್ ಎರಡೂ ಲಿಪಿಯಲ್ಲಿ ಒಂದೇ ಥರ ಕಾಣುವ ಅಕ್ಷರಗಳನ್ನು ಮಾತ್ರ ಬಳಸಿದರು, ಗಾಡಿ ಯಾವ ಊರಿನದು ಅಂತ ಗೊತ್ತಾಗದ ಹಾಗೆ. ಅಲ್ಲಿಯವರೆಗೆ ಇನ್ನೊಂದು ಘಟಕಕ್ಕೆ ಕಾರು ಓಡಿಸಿಕೊಂಡು ಹೋಗಲು ಜನ ಹೆದರುತ್ತಿದ್ದರು. ಬಾವುಟ, ಭಾಷಣಕ್ಕಿಂತ ಜಾಸ್ತಿ ದೇಶವನ್ನು ಜೋಡಿಸಿದ್ದು ಈ ತಗಡಿನ ತುಂಡು ಅಂತ ನನ್ನ ಅನಿಸಿಕೆ.

ಬ್ರಿಟನ್‌ನ ಪ್ರತಿನಿಧಿ ಪ್ಯಾಡಿ ಆಶ್‌ಡೌನ್ 2004ರಲ್ಲಿ ಒಂದೇ ದಿನ ಐವತ್ತಕ್ಕೂ ಹೆಚ್ಚು ಅಧಿಕಾರಿಗಳನ್ನು, ರಾಜಕಾರಣಿಗಳನ್ನು ತೆಗೆದುಹಾಕಿದರು. 2021ರಲ್ಲಿ ಬಂದ ಜರ್ಮನಿಯ ಕ್ರಿಸ್ಟಿಯನ್ ಶ್ಮಿಟ್ 2022ರ ಚುನಾವಣೆಯ ದಿನ ರಾತ್ರಿ, ಮತದಾನ ಮುಗಿದ ಕೂಡಲೇ, ಚುನಾವಣಾ ನಿಯಮವನ್ನೇ ಬದಲಿಸಿದರು. ಇದು ತಪ್ಪು ಅಂತಲೇ ನನ್ನ ಅಭಿಪ್ರಾಯ. ವೋಟು ಹಾಕಿ ಮನೆಗೆ ಬಂದವನಿಗೆ ಲೆಕ್ಕದ ನಿಯಮ ಬದಲಾಗಿದೆ ಅಂದರೆ ಹೇಗನಿಸುತ್ತೆ?

ಹಾಗಾದರೆ ಏನೂ ಒಳ್ಳೇದಾಗಿಲ್ವಾ?

ಆಗಿದೆ, ಬಹಳ ಆಗಿದೆ. ಕಳೆದುಕೊಂಡ ಮನೆಗಳನ್ನು ವಾಪಸ್ ಕೊಡಿಸಿದ್ದು ದೊಡ್ಡ ಕೆಲಸ. ಬೇರೆಯವರು ಸೇರಿಕೊಂಡಿದ್ದ ಮನೆ, ಫ್ಲ್ಯಾಟ್‌ಗಳ ಬಗ್ಗೆ ಸುಮಾರು 2 ಲಕ್ಷ ಅರ್ಜಿ ಬಂದಿದ್ದವು, ಬಹುಪಾಲು ಕೆಲವೇ ವರ್ಷಗಳಲ್ಲಿ ಇತ್ಯರ್ಥವಾದವು. 2004ರ ಹೊತ್ತಿಗೆ 10 ಲಕ್ಷ ಜನ ಹಿಂತಿರುಗಿದ್ದರು. ಹಿಂತಿರುಗಿದ ಎಲ್ಲರೂ ಅಲ್ಲೇ ಉಳಿಯಲಿಲ್ಲ, ಹಲವರು ಮನೆ ಮಾರಿ ತಮ್ಮ ಸಮುದಾಯ ಹೆಚ್ಚಿರುವ ಕಡೆ ಹೋದರು. ಆದರೂ ಕೀಲಿಕೈ ಮೊದಲು ಅವರ ಕೈಗೇ ಬಂತು.

ಯುದ್ಧದಲ್ಲಿ ಪರಸ್ಪರ ಗುಂಡು ಹಾರಿಸಿದ ಪಡೆಗಳು 2006ರಿಂದ ಒಂದೇ ಸೇನೆ. ಅದೇ ವರ್ಷ ಇಡೀ ದೇಶಕ್ಕೆ ಒಂದೇ ವ್ಯಾಟ್ ಬಂತು. ಅಣ್ಣತಮ್ಮಂದಿರು ಮನೆ ಪಾಲಾದ ಮೇಲೂ ಬಾವಿಯನ್ನು ಒಟ್ಟಿಗೆ ಇಟ್ಟುಕೊಂಡ ಹಾಗೆ, ತೆರಿಗೆ ಒಂದೇ ಖಾತೆಗೆ ಬಂದು ಅಲ್ಲಿಂದ ಎಲ್ಲರಿಗೂ ಹಂಚಿಕೆಯಾಗುತ್ತದೆ. ಕರೆನ್ಸಿಯೂ ಒಂದೇ. ಯುದ್ಧಕಾಲದ ಬೋಸ್ನಿಯಾ ಸರ್ಬರ ನಾಯಕ ರದೊವಾನ್ ಕರಾಜಿಚ್, ಸೇನಾಪತಿ ರಾಟ್ಕೊ ಮ್ಲಾದಿಚ್ ಇಬ್ಬರಿಗೂ ಹೇಗ್‌ನಲ್ಲಿ ಜೀವಾವಧಿ ಶಿಕ್ಷೆ ಆಗಿದೆ. ಕಾಣೆಯಾದ ಸುಮಾರು 30,000 ಜನರಲ್ಲಿ ಹೆಚ್ಚಿನವರ ಅವಶೇಷಗಳನ್ನು ಡಿಎನ್‌ಎ ಮೂಲಕ ಗುರುತಿಸಿ ಮನೆಯವರಿಗೆ ಕೊಟ್ಟಿದ್ದಾರೆ. ಪ್ರತಿ ವರ್ಷ ಜುಲೈ 11ಕ್ಕೆ ಸ್ರೆಬ್ರೆನಿತ್ಸಾ ಪಕ್ಕದ ಪೊತೊಚಾರಿಯಲ್ಲಿ ಆ ವರ್ಷ ಗುರುತು ಸಿಕ್ಕವರನ್ನು ಮಣ್ಣು ಮಾಡುತ್ತಾರೆ.

ಸೆಯ್ದಿಚ್–ಫಿಂತ್ಸಿ ಪ್ರಕರಣ ಅಂತ ಎಲ್ಲ ಕಡೆ ಬರುತ್ತಲ್ಲ, ಅದೇನು?

ದೆರ್ವೊ ಸೆಯ್ದಿಚ್ ರೋಮಾ ಸಮುದಾಯದವರು. ಯಾಕೊಬ್ ಫಿಂತ್ಸಿ ಯಹೂದಿ. ಇಬ್ಬರೂ ಬೋಸ್ನಿಯಾದ ಪ್ರಜೆಗಳು, ಇಬ್ಬರೂ ಸಾರ್ವಜನಿಕ ಜೀವನದಲ್ಲಿ ಹೆಸರು ಮಾಡಿದವರು. ಆದರೆ ಅಧ್ಯಕ್ಷ ಮಂಡಳಿಗೆ ನಿಲ್ಲುವಂತಿಲ್ಲ, ಯಾಕೆಂದರೆ ಆ ಮೂರರಲ್ಲಿ ಒಂದು ಸಮುದಾಯದವರಲ್ಲ. ಸಂವಿಧಾನದಲ್ಲಿ ಇವರೆಲ್ಲ ‘ಇತರರು’. 2009ರ ಡಿಸೆಂಬರ್ 22ರಂದು ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಇದು ತಾರತಮ್ಯ ಅಂತ ತೀರ್ಪು ಕೊಟ್ಟಿತು.

ಈ ಇಬ್ಬರದಷ್ಟೇ ಅಲ್ಲ. ಸ್ರೆಬ್ರೆನಿತ್ಸಾದ ವೈದ್ಯ ಇಲಿಯಾಜ್ ಪಿಲಾವ್ ಬೋಸ್ನಿಯಾಕ್. ಆದರೆ ಅವರ ಊರು ರಿಪಬ್ಲಿಕಾದಲ್ಲಿದೆ, ಅಲ್ಲಿಂದ ಸರ್ಬರು ಮಾತ್ರ ನಿಲ್ಲಬಹುದು. ಹಾಗಾಗಿ ಅವರೂ ನಿಲ್ಲುವಂತಿಲ್ಲ. 2016ರಲ್ಲಿ ಅವರೂ ಗೆದ್ದರು. ‘ನಾನು ಯಾವ ಸಮುದಾಯಕ್ಕೂ ಸೇರಿದವಳು ಅಂತ ಹೇಳಿಕೊಳ್ಳುವುದಿಲ್ಲ, ಬರೀ ಪ್ರಜೆ’ ಅಂದ ಅಜ್ರಾ ಜೊರ್ನಿಚ್ 2014ರಲ್ಲೇ ಗೆದ್ದಿದ್ದರು. ತೀರ್ಪು ಮೇಲೆ ತೀರ್ಪು ಬಂತು, ಸಂವಿಧಾನದ ಸಾಲುಗಳು ಹಾಗೇ ಉಳಿದವು.

ತಿದ್ದಲು ಪ್ರಯತ್ನ ಆಗಿಲ್ಲ ಅಂತಲ್ಲ. ಈ ತೀರ್ಪುಗಳಿಗೂ ಮೊದಲೇ, 2006ರ ಏಪ್ರಿಲ್‌ನಲ್ಲಿ, ಕೇಂದ್ರವನ್ನು ಬಲಪಡಿಸುವ ತಿದ್ದುಪಡಿ ಸಂಸತ್ತಿಗೆ ಬಂದಿತ್ತು. 28 ಮತ ಬೇಕಿತ್ತು, ಬಂದದ್ದು 26. ಎರಡೇ ಮತ! ಅದರ ನಂತರ ಅಷ್ಟು ಹತ್ತಿರಕ್ಕೆ ಯಾರೂ ಬಂದಿಲ್ಲ.

ಯುರೋಪ್ ಒಕ್ಕೂಟದ ದಾರಿಯಲ್ಲಿ ಎಲ್ಲಿಯವರೆಗೆ ಬಂದಿದೆ?

2003ರಲ್ಲಿ ಗ್ರೀಸ್‌ನ ಥೆಸಲೊನಿಕಿ ಶೃಂಗಸಭೆಯಲ್ಲಿ ಬಾಲ್ಕನ್ ದೇಶಗಳಿಗೆಲ್ಲ ‘ನಿಮ್ಮ ಭವಿಷ್ಯ ಒಕ್ಕೂಟದಲ್ಲೇ’ ಅಂತ ಮಾತು ಕೊಟ್ಟರು. 2008ರಲ್ಲಿ ಮೊದಲ ಒಪ್ಪಂದಕ್ಕೆ ಸಹಿ. ಅದು ಜಾರಿಗೆ ಬಂದದ್ದು 2015ರಲ್ಲಿ. 2016ರ ಫೆಬ್ರವರಿಯಲ್ಲಿ ಅರ್ಜಿ. 2019ರಲ್ಲಿ ಯುರೋಪಿಯನ್ ಕಮಿಷನ್ 14 ಆದ್ಯತೆಗಳ ಪಟ್ಟಿ ಕೊಟ್ಟಿತು. 2022ರ ಡಿಸೆಂಬರ್‌ನಲ್ಲಿ ಅಭ್ಯರ್ಥಿ ದೇಶದ ಸ್ಥಾನ. 2024ರ ಮಾರ್ಚ್ 21ರಂದು ಸೇರ್ಪಡೆ ಮಾತುಕತೆ ತೆರೆಯಲು ಒಕ್ಕೂಟದ ನಾಯಕರು ಒಪ್ಪಿದರು, ಆದರೆ ಉಳಿದ ಷರತ್ತು ಪೂರೈಸಿದ ಮೇಲೆ ಅಂತ.

ಕೊನೆಯ ಎರಡು ಹೆಜ್ಜೆ ಬೇಗ ಬಿದ್ದದ್ದಕ್ಕೆ ಬೋಸ್ನಿಯಾದ ಸುಧಾರಣೆಗಿಂತ ಉಕ್ರೇನ್ ಯುದ್ಧವೇ ಕಾರಣ ಅಂತ ನನಗನಿಸುತ್ತೆ. ಉಕ್ರೇನ್, ಮಾಲ್ಡೊವಾಕ್ಕೆ 2022ರ ಜೂನ್‌ನಲ್ಲಿ ಅಭ್ಯರ್ಥಿ ಸ್ಥಾನ ಕೊಟ್ಟ ಮೇಲೆ ಇಪ್ಪತ್ತು ವರ್ಷದಿಂದ ಕಾಯುತ್ತಿರುವವರಿಗೆ ಇಲ್ಲ ಅನ್ನೋದು ಕಷ್ಟ, ಅಲ್ವಾ?

ಒಕ್ಕೂಟ ಜೋರು ಮಾಡಿದರೆ ಸುಧಾರಣೆ ಆಗಲ್ವಾ?

ಕೆಲವೊಮ್ಮೆ ಆಗುತ್ತದೆ, ಕೆಲವೊಮ್ಮೆ ಆಗುವುದೇ ಇಲ್ಲ. ಯಾಕೆ ಅಂತ ತಿಳಿಯಲು ಎರಡು ಘಟನೆ ನೋಡಿ.

2009ರ ಡಿಸೆಂಬರ್‌ನಲ್ಲಿ ಸರ್ಬಿಯಾ, ಮಾಂಟೆನೆಗ್ರೊ, ಮ್ಯಾಸಿಡೋನಿಯಾ ಜನರಿಗೆ ವೀಸಾ ಇಲ್ಲದೆ ಯುರೋಪಿನ ಷೆಂಗೆನ್ ವಲಯದ ದೇಶಗಳಿಗೆ ಹೋಗಲು ಅವಕಾಶ ಸಿಕ್ಕಿತು. ಬೋಸ್ನಿಯಾಕ್ಕೆ ಸಿಗಲಿಲ್ಲ. ಬೋಸ್ನಿಯಾದ ಅನೇಕ ಸರ್ಬರು ಸರ್ಬಿಯಾದ, ಕ್ರೋಟರು ಕ್ರೊಯೇಷಿಯಾದ ಪಾಸ್‌ಪೋರ್ಟ್ ಪಡೆಯಬಲ್ಲವರು, ಆದರೂ ಎಲ್ಲ ಕಡೆಯ ಮತದಾರರೂ ಸಿಟ್ಟಾದರು. ಏನು ಮಾಡಬೇಕು ಅಂತ ಪಟ್ಟಿ ಸ್ಪಷ್ಟವಿತ್ತು: ಬಯೊಮೆಟ್ರಿಕ್ ಪಾಸ್‌ಪೋರ್ಟ್, ಗಡಿ ನಿರ್ವಹಣೆ, ಭ್ರಷ್ಟಾಚಾರ ತಡೆ ಕಾನೂನು. ಸಿಗುವ ಫಲವೂ ಪ್ರತಿ ಮನೆಗೂ ಗೊತ್ತಿತ್ತು. ವರ್ಷದೊಳಗೆ ಕೆಲಸ ಮುಗಿಯಿತು, 2010ರ ಡಿಸೆಂಬರ್‌ನಲ್ಲಿ ವೀಸಾ ಹೋಯಿತು.

ಪೊಲೀಸ್ ಸುಧಾರಣೆ ಇದಕ್ಕೆ ಉಲ್ಟಾ. ಘಟಕಗಳ ಪೊಲೀಸರನ್ನು ಒಂದೇ ವ್ಯವಸ್ಥೆಗೆ ತನ್ನಿ ಅಂತ ಒಕ್ಕೂಟ ವರ್ಷಗಟ್ಟಲೆ ಹಠ ಹಿಡಿಯಿತು. ಒಕ್ಕೂಟದ ಸದಸ್ಯ ದೇಶಗಳಲ್ಲೇ ಪೊಲೀಸ್ ವ್ಯವಸ್ಥೆ ಒಂದೊಂದು ಥರ ಇದೆ, ಜರ್ಮನಿಯಲ್ಲಿ ರಾಜ್ಯಗಳದ್ದೇ ಪೊಲೀಸ್. ಹಾಗಾಗಿ ಇದು ಯುರೋಪಿನ ನಿಯಮ ಅಂತ ಯಾರನ್ನೂ ನಂಬಿಸಲು ಆಗಲಿಲ್ಲ. 2008ರಲ್ಲಿ ಹೆಸರಿಗೆ ಎರಡು ಕಾನೂನು ಮಾಡಿದರು, ಒಕ್ಕೂಟ ಅದನ್ನೇ ಒಪ್ಪಿಕೊಂಡು ಆ ಮೊದಲ ಒಪ್ಪಂದಕ್ಕೆ ಸಹಿ ಹಾಕಿತು. ಕಾದರೆ ಯುರೋಪೇ ಸೋಲುತ್ತದೆ ಅಂತ ಅಲ್ಲಿನ ನಾಯಕರು ಕಲಿತದ್ದು ಆವಾಗಲೇ.

ಪಶ್ಚಿಮ ಬಾಲ್ಕನ್‌ಗೆ ಒಕ್ಕೂಟ 600 ಕೋಟಿ ಯೂರೋ ಯೋಜನೆ ತಂದಾಗಲೂ ಹಾಗೇ ಆಯಿತು. 2024ರ ಅಕ್ಟೋಬರ್‌ನಲ್ಲಿ ಆ ಭಾಗದ ಉಳಿದ ಐದು ದೇಶಗಳ ಸುಧಾರಣಾ ಪಟ್ಟಿಗೆ ಒಪ್ಪಿಗೆ ಸಿಕ್ಕಿತು, ಬೋಸ್ನಿಯಾ ಒಳಜಗಳದಲ್ಲಿ ಹಿಂದೆ ಉಳಿಯಿತು. ನ್ಯಾಯಾಲಯ ಸ್ವತಂತ್ರವಾದರೆ, ಟೆಂಡರ್ ಪಾರದರ್ಶಕವಾದರೆ, ಸರ್ಕಾರಿ ಕಂಪನಿಗಳಲ್ಲಿ ನೌಕರಿ ಹಂಚುವುದು ನಿಂತರೆ ಮೊದಲು ಕಷ್ಟಕ್ಕೆ ಬೀಳುವವರು ಸಹಿ ಹಾಕಬೇಕಾದ ನಾಯಕರೇ. ಮೂರೂ ಸಮುದಾಯದ ಪಕ್ಷಗಳಿಗೆ ಈ ಮಾತು ಅನ್ವಯಿಸುತ್ತದೆ, ಯಾರನ್ನೂ ಬಿಡಬೇಡಿ.

ದೊದಿಕ್ ವಿಷಯ ಏನಾಯಿತು?

ಮಿಲೊರಾದ್ ದೊದಿಕ್ ರಿಪಬ್ಲಿಕಾ ಸ್ರ್ಪ್‌ಸ್ಕಾದ ಬಹುಕಾಲದ ನಾಯಕ, ದೇಶದಿಂದ ಬೇರೆಯಾಗುವ ಮಾತನ್ನು ವರ್ಷಗಳಿಂದ ಆಡಿದವರು. ಉನ್ನತ ಪ್ರತಿನಿಧಿಯ ತೀರ್ಮಾನ ಧಿಕ್ಕರಿಸಿದ್ದಕ್ಕೆ 2025ರ ಫೆಬ್ರವರಿಯಲ್ಲಿ ಕೇಂದ್ರದ ನ್ಯಾಯಾಲಯ 1 ವರ್ಷ ಜೈಲು, 6 ವರ್ಷ ಹುದ್ದೆ ನಿಷೇಧ ವಿಧಿಸಿತು. ಆಗಸ್ಟ್‌ನಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು. ಜೈಲಿನ ಬದಲು ದಂಡ ಕಟ್ಟಿದರು, ರಿಪಬ್ಲಿಕಾದ ಅಧ್ಯಕ್ಷ ಹುದ್ದೆ ಹೋಯಿತು. ನವೆಂಬರ್‌ನ ಮರುಚುನಾವಣೆಯಲ್ಲಿ ಅವರದೇ ಪಕ್ಷದ ಸಿನಿಶಾ ಕರಾನ್ ಕಡಿಮೆ ಅಂತರದಲ್ಲಿ ಗೆದ್ದರು. ದೇಶ ಒಡೆಯಲಿಲ್ಲ, ಗುಂಡು ಹಾರಲಿಲ್ಲ.

ಒಗ್ಗೂಡಲು ಇಷ್ಟವಿಲ್ಲದಿದ್ದರೆ ದೇಶವನ್ನೇ ಪಾಲು ಮಾಡಿದರೆ ಆಗಲ್ವಾ?

ಸುಮ್ನೆ ನಕ್ಷೆ ನೋಡಿದರೆ ಸುಲಭ ಅನಿಸುತ್ತದೆ. ಆದರೆ ಬರ್ಚ್ಕೊ ಜಿಲ್ಲೆ ರಿಪಬ್ಲಿಕಾವನ್ನು ಎರಡು ತುಂಡಾಗಿ ಕತ್ತರಿಸುತ್ತದೆ. ಮೊಸ್ತಾರ್‌ನಲ್ಲಿ ಬೋಸ್ನಿಯಾಕರು, ಕ್ರೋಟರು ಒಂದೇ ಊರಲ್ಲಿದ್ದಾರೆ. ಸ್ರೆಬ್ರೆನಿತ್ಸಾಗೆ ಹಿಂತಿರುಗಿದ ತಾಯಂದಿರು ರಿಪಬ್ಲಿಕಾ ಒಳಗಿದ್ದಾರೆ. ಎಲ್ಲಿ ಗೆರೆ ಎಳೆದರೂ ಯಾರನ್ನೋ ಮತ್ತೆ ಮನೆಯಿಂದ ಎಬ್ಬಿಸಬೇಕು. ಅದಕ್ಕಿಂತ ಮುಖ್ಯ, ಇವತ್ತಿನ ಗಡಿಯೊಳಗಿನ ‘ಬಹುಮತ’ ಬಂದದ್ದೇ 1992ರಲ್ಲಿ ಜನರನ್ನು ಓಡಿಸಿ. ಆ ಗೆರೆಗೆ ದೇಶದ ಗಡಿಯ ಮಾನ್ಯತೆ ಕೊಡುವುದು ಅನ್ಯಾಯ.

ಹೊಸ ಪೀಳಿಗೆ ಬದಲಾಗಿಲ್ವಾ?

ಶಾಲೆಗಳನ್ನು ನೋಡಿ ಉತ್ತರ ಕೊಡಬೇಕು. ಫೆಡರೇಶನ್‌ನ ಕೆಲವು ಕ್ಯಾಂಟನ್‌ಗಳಲ್ಲಿ ‘ಒಂದೇ ಸೂರಿನಡಿ ಎರಡು ಶಾಲೆ’ ಇವೆ. ಕಟ್ಟಡ ಒಂದೇ, ಬೋಸ್ನಿಯಾಕ್ ಮಕ್ಕಳಿಗೆ ಒಂದು ಪಾಠಕ್ರಮ, ಕ್ರೋಟ್ ಮಕ್ಕಳಿಗೆ ಇನ್ನೊಂದು. ಯಾಯ್ತ್ಸೆ ಎಂಬ ಊರಿನಲ್ಲಿ ಇನ್ನೊಂದು ಪ್ರತ್ಯೇಕ ಶಾಲೆ ಮಾಡಲು ಹೊರಟಾಗ ಎರಡೂ ಕಡೆಯ ಹೈಸ್ಕೂಲು ವಿದ್ಯಾರ್ಥಿಗಳು ಒಟ್ಟಿಗೆ ಬೀದಿಗೆ ಬಂದರು. 2017ರಲ್ಲಿ ಆ ಯೋಜನೆ ಕೈಬಿಡಬೇಕಾಯಿತು. 2014ರಲ್ಲಿ ತುಜ್ಲಾ ನಗರದಲ್ಲಿ ಕೆಲಸ ಕಳೆದುಕೊಂಡ ಕಾರ್ಖಾನೆ ಕಾರ್ಮಿಕರು ಶುರು ಮಾಡಿದ ಪ್ರತಿಭಟನೆ ಹಲವು ಊರಿಗೆ ಹಬ್ಬಿ, ಕ್ಯಾಂಟನ್ ಸರ್ಕಾರಗಳು ರಾಜೀನಾಮೆ ಕೊಟ್ಟವು. ಅಂದರೆ ಜನರಿಗೆ ಬೇಕಿರುವುದು ಏನು ಅಂತ ಗೊತ್ತಿಲ್ಲದೆ ಇಲ್ಲ. ಆದರೆ ಓದಿದ ಹುಡುಗರು, ನರ್ಸ್‌ಗಳು, ಡ್ರೈವರ್‌ಗಳು ಜರ್ಮನಿ, ಆಸ್ಟ್ರಿಯಾ, ಸ್ಲೊವೇನಿಯಾ ಕಡೆ ಹೊರಟಿದ್ದಾರೆ. ದೇಶ ಯುರೋಪ್ ಸೇರುವುದನ್ನು ಕಾಯದೆ ತಾವೇ ಒಬ್ಬೊಬ್ಬರಾಗಿ ಸೇರುತ್ತಿದ್ದಾರೆ.

ಭಾರತಕ್ಕೂ ಇದಕ್ಕೂ ನಂಟಿದೆಯಾ?

ಅಲಿಪ್ತ ಚಳವಳಿಯ ಕಾಲದಲ್ಲಿ ನೆಹರೂ–ಟಿಟೊ ಗೆಳೆತನ ಹಳಬರಿಗೆ ಗೊತ್ತು. 1992ರಲ್ಲಿ ಯುಗೊಸ್ಲಾವಿಯಾಕ್ಕೆ ಹೋದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮೊದಲ ಕಮಾಂಡರ್ ಭಾರತೀಯ ಸೇನೆಯ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಆ ಪಡೆಯ ಕೇಂದ್ರ ಕಚೇರಿ ಮೊದಲು ಇದ್ದದ್ದು ಸರಾಯೆವೊದಲ್ಲೇ.

ಮುಂದೆ ಯಾವುದನ್ನು ಗಮನಿಸಬೇಕು?

ದೊಡ್ಡ ಭಾಷಣಗಳನ್ನು ಬಿಡಿ. ನ್ಯಾಯಾಲಯ ಮತ್ತು ನ್ಯಾಯಾಧೀಶರ ನೇಮಕದ ಕಾನೂನುಗಳು ಪಾಸಾಗುತ್ತವಾ, ಆದಾಗ ಅದರಲ್ಲಿ ಹಲ್ಲು ಉಳಿದಿರುತ್ತದಾ ಅಂತ ನೋಡಿ. ಒಕ್ಕೂಟದ ಜೊತೆ ಮಾತಾಡಲು ಒಬ್ಬರೇ ಮುಖ್ಯ ಸಂಧಾನಕಾರರನ್ನು ಮೂರೂ ಕಡೆಯವರು ಒಪ್ಪುತ್ತಾರಾ ನೋಡಿ, ಒಬ್ಬ ಮನುಷ್ಯನ ಹೆಸರಿನ ಮೇಲೂ ಒಪ್ಪಿಗೆ ಬರದಿದ್ದರೆ ಮುಂದಿನ ಸಾವಿರಾರು ಪುಟದ ಕಾನೂನಿನ ಗತಿ ಏನು? ಪ್ರತಿ ನವೆಂಬರ್‌ನಲ್ಲಿ ಬೋಸ್ನಿಯಾದಲ್ಲಿರುವ ಯುರೋಪಿಯನ್ ಶಾಂತಿಪಡೆಯ ಅವಧಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಮುಂದುವರಿಯಬೇಕು, ಅದನ್ನೂ ಗಮನಿಸಿ. ಸಾರ್ವತ್ರಿಕ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ ಅಕ್ಟೋಬರ್‌ನಲ್ಲಿ ನಡೆಯುತ್ತದೆ, 2022ರ ನಂತರದ್ದು 2026ರಲ್ಲಿ. ಅಧ್ಯಕ್ಷ ಮಂಡಳಿಯ ಮತಪತ್ರ ಕೈಗೆ ಸಿಕ್ಕರೆ ಅದರಲ್ಲಿ ರೋಮಾ, ಯಹೂದಿ ಅಥವಾ ‘ಬರೀ ಪ್ರಜೆ’ ಅಂತ ನಿಂತ ಒಬ್ಬ ಅಭ್ಯರ್ಥಿ ಇದ್ದಾರಾ ಅಂತ ಹುಡುಕಿ. ಯುರೋಪ್ ಒಕ್ಕೂಟಕ್ಕೆ ಈ ದೇಶ ಎಷ್ಟು ಹತ್ತಿರ ಬಂದಿದೆ ಅಂತ ಬ್ರಸೆಲ್ಸ್‌ನ ವರದಿಗಿಂತ ಬೇಗ ಅದರಲ್ಲೇ ಗೊತ್ತಾಗುತ್ತದೆ.